ಇಲ್ಲಿ ಫೈಟ್

ರೂವಿ, ಮಸ್ಕತ್
9 ಮಾರ್ಚ್ 1986

ಗೋಪಾಲಣ್ಣನವರಿಗೆ ಬಾದುಶಾನ ಸಲಾಂ.

ನನ್ನ ನೆನಪು ಉಂಟಾ? ಮದ್ರಾಸಿನಲ್ಲಿ ನಿಮ್ಮ ರಾಜನ ಪಿಕ್ಚರಿನಲ್ಲಿ ಹೀರೋಗೆ ಡ್ಯೂಪ್ ಹಾಕಿ ಕೋಟೆ ಗೋಡೆಯಿಂದ ಹಾರಿ, ಕುದುರೆಯ ಮೇಲೆ ಬೀಳುವ ಬದಲು ನೆಲಕ್ಕೆ ಮುಖ ಕೊಟ್ಟವ. ಬಾಯಿ ತುಂಬ ರಕ್ತ, ಹಲ್ಲು ಕೈಯಲ್ಲಿ. ನೀವು ಓಡಿ ಬಂದು ನೋಡಿ ಅಲ್ಲೇ ತಲೆ ಸುತ್ತಿ ಬಿದ್ದಿರಿ. ಕಡೆಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋದದ್ದು ಇಬ್ಬರನ್ನೂ. ಆಮೇಲೆ ನಾನು ಫೈಟ್ ಮಾಸ್ಟರ್ ಆದೆ, ನಿಮ್ಮ ಇನ್ನೆರಡು ಪಿಕ್ಚರಿಗೆ ಹೊಡೆದಾಟ ಮಾಡಿಸಿದೆ, ಕೊನೆಗೆ ಉಳ್ಳಾಲದ ಎಲ್ಲರ ಹಾಗೆ ಗಲ್ಫಿಗೆ ಬಂದೆ. ಇಲ್ಲಿ ಒಂದು ದೊಡ್ಡ ಕಂಪೆನಿಯ ಕೆಳಗೆ ಕಟ್ಟಡಗಳಿಗೆ ಕಬ್ಬಿಣದ ಪೈಪಿನ ಸಾರವೆ ಕಟ್ಟಿಸುವ ಕೆಲಸ. ತಮ್ಮ ಇಸುಬುವನ್ನೂ ಕರೆಸಿಕೊಂಡಿದ್ದೇನೆ.

ಈಗ ಎಣ್ಣೆಯ ರೇಟು ಬಿದ್ದಿದೆ. ಅರ್ಧ ಎದ್ದ ಕಟ್ಟಡಗಳು ಅರ್ಧಕ್ಕೇ ನಿಂತಿವೆ. ನಖಲ್ ದಾರಿಯ ನಮ್ಮ ಕ್ಯಾಂಪಿನಲ್ಲಿ ಊರಿನವರು, ಮಲಯಾಳಿಗಳು, ಪಂಜಾಬಿಗಳು ಎಲ್ಲ ಸೇರಿ ಇನ್ನೂರು ಜನ ಕೆಲಸವಿಲ್ಲದೆ ಮಲಗಿದ್ದಾರೆ. ಯಾರನ್ನು ಯಾವಾಗ ಊರಿಗೆ ಅಟ್ಟುತ್ತಾರೆ ಅಂತ ಗೊತ್ತಿಲ್ಲ. ಮೊನ್ನೆ ಫ್ಯಾನಿನ ಕೆಳಗೆ ಯಾರು ಮಲಗುವುದು ಎಂಬ ಮಾತಿಗೆ ಒಬ್ಬ ಇನ್ನೊಬ್ಬನ ತಲೆಯನ್ನು ಬಕೆಟಿನಿಂದ ಒಡೆದ. ಹೊಲಿಗೆ ಹಾಕಿಸಿಕೊಂಡು ಬಂದವ ಮರುದಿನ ಹೊಡೆದವನ ಕೈ ಮುರಿದ.

ಇದನ್ನೆಲ್ಲ ನೋಡಿ ನನಗೆ ಬೇರೆಯದೇ ಆಸೆ ಹುಟ್ಟಿದೆ, ಮಾರಾಯ್ರೇ. ಇನ್ನೂರು ಜನ ಸೈನಿಕರು ಉಂಟು. ನಿಜವಾದ ಕೋಟೆ ಉಂಟು. ಒಣಗಿದ ಹೊಳೆ ಉಂಟು. ಸಲಾಲಾದಲ್ಲಿ ಪರಿಚಯದ ಕ್ಯಾಮೆರಾದವ ಒಬ್ಬ ಉಂಟು. ಆ ದುಂಡು ಮೇಜಿನ ಇಂಗ್ಲಿಷ್ ರಾಜನ ಕಥೆಯನ್ನು ನೀವು ಮೂರು ಸಲ ಬರೆದು ಮೂರು ಸಲವೂ ಹಾಳು ಮಾಡಿಸಿಕೊಂಡಿರಲ್ಲ, ಅದನ್ನು ಇಲ್ಲಿ ತೆಗೆಯುವ. ಮೊದಲು ಕೊನೆಯ ಯುದ್ಧ ಮಾತ್ರ. ಅದನ್ನು ತೋರಿಸಿದರೆ ಉಳಿದದ್ದಕ್ಕೆ ಯಾರಾದರೂ ಸಿಗುತ್ತಾರೆ. ಸ್ಟಾರು ಯಾರೂ ಇಲ್ಲ, ರಾಜನ ವೇಷ ನನ್ನದೇ. ನಿಮಗೆ ಬೇಕಾದ ಹಾಗೆ ಬರೆಯಿರಿ.

ನಿಮ್ಮ
ಬಾದುಶಾ


ಬಸವನಗುಡಿ, ಬೆಂಗಳೂರು
28 ಮಾರ್ಚ್ 1986

ಪ್ರಿಯ ಬಾದುಶಾ,

ನಿನ್ನ ಕಾಗದ ಓದಿ ಕುಣಿದಾಡುವುದೊಂದು ಬಾಕಿ. ಈಗ ಗಾಂಧಿನಗರದಲ್ಲಿ ನನ್ನನ್ನು ಕಂಡರೆ ಹೊಸ ಹುಡುಗರು ಕುರ್ಚಿ ಕೊಡುತ್ತಾರೆ, ಕಾಫಿ ಕೊಡುತ್ತಾರೆ, ಕೆಲಸ ಮಾತ್ರ ಕೊಡುವುದಿಲ್ಲ. ಗೋಪಾಲಕೃಷ್ಣ ಎಂದರೆ ಕಿರೀಟ, ಕತ್ತಿ, ಉದ್ದುದ್ದ ಡೈಲಾಗು ಎಂದು ಅವರ ತಲೆಯಲ್ಲಿ ಕೂತಿದೆ. ನನ್ನಿಂದ ಅದನ್ನು ಬರೆಸಿದವರೇ ಈಗ ಹಾಗೆ ಹೇಳಿಕೊಂಡು ತಿರುಗುತ್ತಾರೆ.

ಆ ಕಥೆ ಎಂಥದ್ದು, ಹೇಗಿದೆ, ಇವರು ಅದನ್ನು ಏನು ಮಾಡಿದರು! ರಾಜನ ಪ್ರಾಣಸ್ನೇಹಿತ ರಾಣಿಯನ್ನು ಪ್ರೀತಿಸುತ್ತಾನೆ, ರಾಜ್ಯ ಎರಡಾಗುತ್ತದೆ, ಹೊಂಚು ಹಾಕಿದ್ದ ಮಗ ಅಪ್ಪನ ಮೇಲೆ ಯುದ್ಧಕ್ಕೆ ನಿಲ್ಲುತ್ತಾನೆ, ಅಪ್ಪ ತನ್ನ ಕೈಯಾರೆ ಮಗನನ್ನು ಕೊಂದು ತಾನೂ ಸಾಯುತ್ತಾನೆ. ಮೊದಲನೇ ಸಲ ನಿರ್ಮಾಪಕರ ತಾಯಿ ರಾಣಿಯನ್ನೂ ಸ್ನೇಹಿತನನ್ನೂ ಅಣ್ಣ ತಂಗಿ ಮಾಡಿಸಿದರು. ಸತ್ತ ರಾಜ, ಸ್ವಾಮಿಗಳು ತೀರ್ಥ ಚಿಮುಕಿಸಿದ ಕೂಡಲೇ ಎದ್ದು ಕೂತ. ಎರಡನೇ ಸಲ ಅದು ಕಾರ್ಖಾನೆಯ ಕಥೆಯಾಯಿತು. ದುಂಡು ಮೇಜು ಯೂನಿಯನ್ ಆಫೀಸಿಗೆ ಹೋಯಿತು, ಅಪ್ಪ ಚಾಕು ಹಾಕಿದ್ದು ಮಗನಿಗಲ್ಲ, ಮಗನ ಹಾಗೇ ಇರುವ ಇನ್ನೊಬ್ಬನಿಗೆ ಎಂದು ತಿಳಿಯಿತು. ಮೂರನೇ ಸಲ ಮನೆತನದ ಕಥೆ, ದುಂಡು ಮೇಜು ಊಟದ ಮೇಜಾಯಿತು. ಅಪ್ಪ ಹಾರಿಸಿದ ಗುಂಡು ಗೋಡೆಗೆ ಬಡಿದು ತಿರುಗಿ ಖಳನಾಯಕನಿಗೆ ತಾಗಿತು. ಎಲ್ಲಕ್ಕೂ ಕಾರಣ ಒಂದೇ: ಹೀರೋ ಕೈಗೆ ಪಾಪ ಮೆತ್ತಬಾರದು. ಮೂರು ಸಲವೂ ನಾನು ತಲೆ ಆಡಿಸಿದೆ. ನಾಲ್ಕನೇ ಸಲ ಆಡಿಸುವುದಿಲ್ಲ, ಮೊದಲೇ ಹೇಳಿದ್ದೇನೆ.

ಯುದ್ಧ ಶುರುವಾಗುವ ಬಗ್ಗೆ ಒಂದು ಮಾತು. ಮೂಲದಲ್ಲಿ ಎರಡೂ ಸೈನ್ಯ ಸಂಧಿ ಮಾಡಿಕೊಂಡು ಎದುರುಬದುರು ನಿಂತಿರುತ್ತವೆ. ಯಾರಾದರೂ ಕತ್ತಿ ಎತ್ತಿದರೆ ಮಾತ್ರ ಹೊಡೆಯಿರಿ ಎಂದು ಆಜ್ಞೆ. ಹುಲ್ಲಿನಿಂದ ಹಾವೊಂದು ಬರುತ್ತದೆ, ಅದನ್ನು ಕೊಲ್ಲಲು ಒಬ್ಬ ಕತ್ತಿ ಎತ್ತುತ್ತಾನೆ, ಅಷ್ಟಕ್ಕೇ ಲಕ್ಷ ಜನ ಸಾಯುತ್ತಾರೆ. ಆದರೆ ನಮ್ಮಲ್ಲಿ ಹಾವಿಗೆ ಕತ್ತಿ ಎತ್ತಿದರೆ ಟಾಕೀಸಿನ ಪರದೆ ಸುಡುತ್ತಾರೆ. ನಿಮ್ಮ ದಕ್ಷಿಣ ಕನ್ನಡದವರಂತೂ ನಾಗನ ಹೆಸರೆತ್ತಿದರೆ ಚಪ್ಪಲಿ ಬಿಡುವವರು. ಅದಕ್ಕೆ ಹಾವು ಬೇಡ, ಶಂಖ ಇರಲಿ. ಯಾರೋ ತಪ್ಪಿ ಶಂಖ ಊದುತ್ತಾನೆ, ಎರಡೂ ಕಡೆ ನುಗ್ಗುತ್ತಾರೆ.

ನಾನು ಅಲ್ಲಿಗೆ ಬರುವುದಿಲ್ಲ, ವಿಮಾನ ಹತ್ತುವ ಧೈರ್ಯ ನನಗಿಲ್ಲ. ಬರೆದು ಕಳಿಸುತ್ತೇನೆ. ಹೊಡೆದಾಟ ಬರುವಲ್ಲಿ ಎಂದಿನಂತೆ ಪುಟ ಖಾಲಿ ಬಿಟ್ಟು 'ಇಲ್ಲಿ ಫೈಟ್' ಎಂದು ಹಾಕುತ್ತೇನೆ. ಉಳಿದದ್ದು ನಿನ್ನದು.

ನಿನ್ನ
ಗೋಪಾಲಕೃಷ್ಣ


ನಖಲ್ ಕ್ಯಾಂಪ್
6 ಮೇ 1986

ಗೋಪಾಲಣ್ಣ,

ಸ್ಕ್ರಿಪ್ಟ್ ಬಂತು. ಮೆಸ್ಸಿನಲ್ಲಿ ಗಟ್ಟಿಯಾಗಿ ಓದಿಸಿದೆ. ಕನ್ನಡ ಗೊತ್ತಿಲ್ಲದವರಿಗೆ ಇಸುಬು ಹಿಂದಿಯಲ್ಲಿ ಹೇಳುತ್ತಾ ಹೋದ. ಮಗ ಅಪ್ಪನಿಗೆ ಎದುರು ನಿಲ್ಲುವಲ್ಲಿ ಒಬ್ಬ ಮುದುಕ ಪಂಜಾಬಿ ಎದ್ದು ಹೊರಗೆ ಹೋದ, ಅವನಿಗೆ ಅಂಥದ್ದೇ ಮಗ ಇದ್ದಾನಂತೆ.

ಮಗನ ಪಾರ್ಟು ಹೆರಾಲ್ಡನದ್ದು. ಕಿನ್ನಿಗೋಳಿಯವ, ಕಂಪೆನಿಯ ಕ್ಯಾಂಪ್ ಬಾಸ್. ಚರ್ಚಿನ ನಾಟಕಗಳಲ್ಲಿ ಹೆರೋದ ರಾಜನ ಪಾರ್ಟು ಮಾಡಿ ಅಭ್ಯಾಸ, ಗಂಟಲು ಒಳ್ಳೇದುಂಟು. ಯಾರು ಉಳಿಯುವುದು, ಯಾರು ಹೋಗುವುದು ಎಂದು ಆಫೀಸಿಗೆ ಹೇಳುವವ ಅವನೇ. ನನ್ನ ಜನರನ್ನೆಲ್ಲ ಹೋಗುವವರ ಕಡೆಗೆ ಹಾಕಿದ್ದಾನೆ. ಇಸುಬುವನ್ನೂ ಹಾಕಿದ್ದಾನೆ. ಅವನ ಕೆಲಸ ಅವನು ಮಾಡುತ್ತಾನೆ, ನನಗೆ ಬೇಸರ ಇಲ್ಲ.

ಸೈನ್ಯವನ್ನೂ ಹಾಗೇ ಮಾಡಿದೆ. ಊರಿಗೆ ಹೋಗುವವರು ನನ್ನ ಕಡೆ, ಉಳಿಯುವವರು ಹೆರಾಲ್ಡನ ಕಡೆ. ಸಿಟ್ಟು ನಿಜವಾಗಿದ್ದರೆ ಹೊಡೆತಕ್ಕೆ ಒಂದು ಕಳೆ ಬರುತ್ತದೆ. ಕತ್ತಿ, ಈಟಿಗಳನ್ನು ಮದ್ರಾಸಿನಿಂದ ತರಿಸಲು ಆಗಲಿಲ್ಲ, ಸಾರವೆಯ ಪೈಪನ್ನೇ ಕತ್ತರಿಸಿ ತುದಿ ಬಡಿದು ಚಪ್ಪಟೆ ಮಾಡಿಸಿದ್ದೇನೆ. ಡಾಂಬರಿನ ಡ್ರಮ್ಮಿನ ತಗಡಿನಲ್ಲಿ ಟೋಪಿ. ಹಾಕಿಕೊಂಡರೆ ಎದುರಿದ್ದವ ಮಾತ್ರ ಕಾಣುತ್ತಾನೆ, ಮಾತು ಏನೂ ಕೇಳುವುದಿಲ್ಲ. ಶಂಖ ಇಲ್ಲಿ ಎಲ್ಲಿಂದ ತರುವುದು? ಟೋಪಿಯೊಳಗೂ ಕೇಳುವ ಪಿಕಪ್ಪಿನ ಹಾರನ್ ಸಾಕು ಅಂತ ಮಾಡಿದ್ದೇನೆ. ಹಾರನ್ ಹೊಡೆದ ಕೂಡಲೇ ಎರಡೂ ಕಡೆಯವರು ಓಡಬೇಕು.

ಒಂದು ಉಪಕಾರ ಆಗಬೇಕು. ಈ ಸಲ ಹೊಡೆದಾಟವನ್ನೂ ನೀವೇ ಬರೆಯಿರಿ. ಯಾರು ಎಲ್ಲಿ ಹೊಡೆಯಬೇಕು, ಎಲ್ಲಿ ಬೀಳಬೇಕು, ಎಲ್ಲಿ ನಿಲ್ಲಿಸಬೇಕು. ಇವರು ಫೈಟರುಗಳಲ್ಲ. ನಾನು ಬಾಯಲ್ಲಿ ಹೇಳಿದರೆ ಅದು ಬಾದುಶಾನ ಹುಕುಂ, ಕೇಳಿಯೂ ಕೇಳದ ಹಾಗೆ ಮಾಡುತ್ತಾರೆ. ಕಾಗದದಲ್ಲಿ ಇದ್ದರೆ ಎಲ್ಲರಿಗೂ ಒಂದೇ. ನಿನ್ನೆ ಪ್ರಾಕ್ಟೀಸಿನಲ್ಲೇ ಒಬ್ಬನ ಮೊಣಕಾಲ ಚಿಪ್ಪು ಹೋಯಿತು. ಹೊಡೆದವ ತಪ್ಪಾಯಿತು ಅಂತ ಹೇಳಲಿಲ್ಲ, ನಕ್ಕ.

ಬಾದುಶಾ


ಬೆಂಗಳೂರು
20 ಮೇ 1986

ಪ್ರಿಯ ಬಾದುಶಾ,

ಮೊಣಕಾಲಿನ ವಿಷಯ ಓದಿ ನನ್ನ ಮೊಣಕಾಲೇ ನೋಯಿತು. ಅಂಥದ್ದನ್ನೆಲ್ಲ ನನಗೆ ಬರೆಯಬೇಡ.

ಹೊಡೆತ ಬರೆಯುವುದು ನನ್ನ ಕೆಲಸವಲ್ಲ ಮಹಾರಾಯ. ಇಷ್ಟು ವರ್ಷ ಚಿತ್ರಕಥೆ ಬರೆದಿದ್ದೇನೆ, ಒಂದು ಕಪಾಳಮೋಕ್ಷವನ್ನೂ ವಿವರಿಸಿದವನಲ್ಲ. ಹೊಡೆಯುವ ಮುಂಚೆ ಏಕೆ ಹೊಡೆದ, ಹೊಡೆದ ಮೇಲೆ ಏನೆಂದ, ಇಷ್ಟು ನನ್ನದು. ಮಧ್ಯದ್ದು ನಿನ್ನದು. ಮದ್ರಾಸಿನಲ್ಲಿ ನಾವು ಹಾಗೇ ಬಾಳಿದೆವು, ಜಗಳವಿಲ್ಲದೆ ಬಾಳಿದೆವು. ಈಗ ನೀನು ನಿರ್ಮಾಪಕನಾದ ಕೂಡಲೇ ಅಡುಗೆಯವನ ಕೈಯಲ್ಲಿ ಪಾತ್ರೆಯನ್ನೂ ತೊಳೆಸುವ ಯೋಚನೆ ಮಾಡಬೇಡ.

ನೀನು ಕೇಳಿದಂತೆ ಬರೆಯಲು ಒಂದು ಮಧ್ಯಾಹ್ನ ಕೂತದ್ದು ನಿಜ. 'ರಾಜ ಈಟಿ ಎತ್ತುತ್ತಾನೆ' ಎಂದು ಬರೆದೆ. ನಿನ್ನ ಬಾಯಿಂದ ಸುರಿದ ರಕ್ತ ಕಣ್ಣ ಮುಂದೆ ಬಂತು. ಪೆನ್ನು ಮುಚ್ಚಿಟ್ಟು ಗಾಂಧಿಬಜಾರಿಗೆ ಹೋಗಿ ಎರಡು ಕಾಫಿ ಕುಡಿದು ಬಂದೆ. ನೀನಿರುವಾಗ ನನಗೇಕೆ ಆ ಸಂಕಟ? ನಿಮ್ಮ ಗಲ್ಫಿನವರು ಹೇಳುವ ಹಾಗೆ ಯಲ್ಲಾ, ಹೊರಡು, ಶೂಟಿಂಗ್ ಮಾಡು, ಫೋಟೋ ಕಳಿಸು.

ಗೋಪಾಲಕೃಷ್ಣ


ಮಸ್ಕತ್
2 ಜುಲೈ 1986

ಗೋಪಾಲಣ್ಣ,

ಬಲಗೈಗೆ ಪೆಟ್ಟಾಗಿದೆ, ಇಸುಬುವಿನ ಕೈಯಲ್ಲಿ ಬರೆಸುತ್ತಿದ್ದೇನೆ. ಶೂಟಿಂಗ್ ಸದ್ಯಕ್ಕೆ ನಿಂತಿದೆ.

ಅಪ್ಪ ಮಗನ ಹೊಡೆದಾಟದ ಒಂದು ಪುಟ ಮಾತ್ರ ಬೇಕು. ನಾನು ಹೇಳಿದ ಹಾಗೇ ಬೇಕು. ಮಗ ಓಡಿ ಬರುತ್ತಾನೆ. ಹೊಳೆಯ ಕಲ್ಲಿನ ಮೇಲೆ ಕಾಲು ಜಾರುತ್ತದೆ. ಅಪ್ಪ ಹಿಡಿದ ಈಟಿಯ ಮೇಲೆ ಅವನೇ ಬಂದು ಬೀಳುತ್ತಾನೆ. ಅಪ್ಪನಿಗೆ ಕೊಲ್ಲುವ ಮನಸ್ಸಿಲ್ಲ. ಅಪ್ಪ ಈಟಿಯನ್ನು ಹಿಂದಕ್ಕೆ ಎಳೆಯುತ್ತಾನೆ, ಆದರೆ ಅದು ಒಳಗೆ ಸಿಕ್ಕಿಹಾಕಿಕೊಂಡಿದೆ. ಇಷ್ಟೇ. ಸೊಗಸು ಬೇಡ. ಒಂದಕ್ಷರ ಬದಲಾಯಿಸಬೇಡಿ. ಪುಟದ ಮೇಲೆ ಏಪ್ರಿಲ್ ತಾರೀಖು ಹಾಕಿ, ಸ್ಕ್ರಿಪ್ಟಿನ ಜತೆಗೇ ಬರೆದದ್ದು ಅಂತ ಇರಲಿ.

ಬೇಗ ಕಳಿಸಿ. ಖುರುಮಿನಲ್ಲಿರುವ ಕಂಪೆನಿ ಆಫೀಸಿನ ವಿಳಾಸಕ್ಕೆ, ಇಸುಬುವಿನ ಹೆಸರಿಗೆ. ಬೇರೆ ಏನೂ ಕೇಳಬೇಡಿ.

ಬಾದುಶಾ


ಬೆಂಗಳೂರು
15 ಜುಲೈ 1986

ಬಾದುಶಾ,

ನೀನೂ ಹೀಗೇನೋ?

ಅಪ್ಪನಿಗೆ ಕೊಲ್ಲುವ ಮನಸ್ಸಿಲ್ಲವಂತೆ. ಮಗನೇ ಬಂದು ಬೀಳುತ್ತಾನಂತೆ. ಕಾಲು ಜಾರುತ್ತದಂತೆ! ಇಪ್ಪತ್ತು ವರ್ಷದಿಂದ ಇದೇ ಮಾತನ್ನು ಒಬ್ಬೊಬ್ಬ ನಿರ್ಮಾಪಕನ ಬಾಯಿಂದಲೂ ಕೇಳಿದ್ದೇನೆ. ತೀರ್ಥ ಚಿಮುಕಿಸಿದವರು, ಗೋಡೆಗೆ ಗುಂಡು ಬಡಿಸಿದವರು, ಈಗ ಕಲ್ಲಿನ ಮೇಲೆ ಕಾಲು ಜಾರಿಸುವ ನೀನು. ಕಿರೀಟ ಇಟ್ಟುಕೊಂಡ ತಕ್ಷಣ ನಿನಗೂ ಕೈಗೆ ಪಾಪ ಮೆತ್ತಬಾರದು ಎನ್ನಿಸಿತಲ್ಲ, ಯಾರ ಬದಲು ಹಾರಿ ನೀನು ಹಲ್ಲು ಉದುರಿಸಿಕೊಂಡೆಯೋ ಆ ಹೀರೋಗೂ ನಿನಗೂ ಏನು ವ್ಯತ್ಯಾಸ?

ಆದರೆ ಒಂದು ಉಪಕಾರ ಮಾಡಿದೆ. ಸಿಟ್ಟಿನಲ್ಲಿ ನನಗೆ ರಕ್ತದ ಹೆದರಿಕೆ ಬಿಟ್ಟುಹೋಯಿತು. ಎದ್ದು ಕೂತು ಒಂದೇ ಉಸಿರಿಗೆ ಬರೆದಿದ್ದೇನೆ. ಇದು ನಾನು ಬರೆದ ಮೊದಲನೇ ಹೊಡೆದಾಟ. ನೀನು ಕೇಳಿದ ಏಪ್ರಿಲ್ ತಾರೀಖನ್ನೂ ಹಾಕಿದ್ದೇನೆ. ಅದೇಕೋ ನನಗೆ ತಿಳಿಯಲಿಲ್ಲ, ತಾರೀಖಿನ ವಿಷಯದಲ್ಲಿ ನನಗೆ ಹಟವಿಲ್ಲ. ಕಥೆಯ ವಿಷಯದಲ್ಲಿ ಇದೆ. ನೀನು ಹರಿದು ಹಾಕಿ ಬೇರೆ ಯಾರ ಕೈಲಾದರೂ ಬರೆಸಬಾರದೆಂದು ಇನ್ನೊಂದು ಪ್ರತಿಯನ್ನು ಅದೇ ಖುರುಮಿನ ವಿಳಾಸಕ್ಕೆ, ಕಂಪೆನಿಯ ಮ್ಯಾನೇಜರ್ ಹೆಸರಿಗೆ ರಿಜಿಸ್ಟರ್ಡ್ ಕಳಿಸಿದ್ದೇನೆ. ಚಿತ್ರದ ಅಧಿಕೃತ ಚಿತ್ರಕಥೆ ಇದೇ ಎಂದು ಸಹಿ ಮಾಡಿ.

'ಒಣಗಿದ ಹೊಳೆ. ಹಗಲು. ಎರಡೂ ಸೈನ್ಯ ಸತ್ತು ಬಿದ್ದಿದೆ. ನಿಂತವರು ಇಬ್ಬರೇ, ಅಪ್ಪ ಮತ್ತು ಮಗ. ಇಬ್ಬರ ಮುಖವೂ ಕಬ್ಬಿಣದ ಟೋಪಿಯೊಳಗೆ. ಮಗ ಓಡಿ ಬರುತ್ತಾನೆ. ಅಪ್ಪ ಈಟಿ ಎತ್ತುತ್ತಾನೆ, ತಿವಿಯುವುದಿಲ್ಲ. ಟೋಪಿಯ ಸೀಳಿನಲ್ಲಿ ಮಗನ ಕಣ್ಣು ಕಾಣುವ ತನಕ ಕಾಯುತ್ತಾನೆ. ಕಣ್ಣು ಕಾಣುತ್ತದೆ. ಆಮೇಲೆ ತಿವಿಯುತ್ತಾನೆ. ಪಕ್ಕೆಲುಬು ಮುರಿಯುವ ಸದ್ದು. ಮಗ ಬೀಳುವುದಿಲ್ಲ. ತನ್ನೊಳಗೆ ಹೊಕ್ಕ ಈಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಉದ್ದಕ್ಕೂ ಒಂದೊಂದೇ ಹೆಜ್ಜೆ ಅಪ್ಪನ ಕಡೆಗೆ ಬರುತ್ತಾನೆ. ಅಪ್ಪ ಈಟಿಯನ್ನು ಬಿಟ್ಟುಬಿಡಬಹುದು. ಹಿಂದಕ್ಕೆ ಎಳೆಯಬಹುದು. ಎರಡನ್ನೂ ಮಾಡುವುದಿಲ್ಲ. ಕಣ್ಣು ತೆಗೆಯದೆ ಇನ್ನೊಮ್ಮೆ ನೂಕುತ್ತಾನೆ. ಮಗನ ಬಾಯಿಂದ ಬಂದ ರಕ್ತ ಅಪ್ಪನ ಕೈ ಮೇಲೆ ಬೀಳುತ್ತದೆ. ಬೆಚ್ಚಗಿರುತ್ತದೆ.'

ತೆಗೆದರೆ ಹೀಗೆ ತೆಗೆ. ಇಲ್ಲದಿದ್ದರೆ ನನ್ನ ಹೆಸರು ಹಾಕಬೇಡ.

ಗೋಪಾಲಕೃಷ್ಣ


ಮಸ್ಕತ್
30 ಆಗಸ್ಟ್ 1986

ಗೋಪಾಲ,

ಇದನ್ನು ಇಸುಬು ಜೈಲಿನ ಜಾಲರಿಯ ಆಚೆ ಕೂತು ಬರೆಯುತ್ತಿದ್ದಾನೆ. ನನ್ನ ಕೈಗೆ ಇನ್ನೂ ಪಟ್ಟಿ ಉಂಟು.

ನಿನಗೆ ಹೇಳದೆ ಇದ್ದದ್ದು ನಾನು. ಹೇಳಿದರೆ ಹೆದರಿ ಬರೆಯಲಿಕ್ಕಿಲ್ಲ ಅಂತ ಹೇಳಲಿಲ್ಲ. ಈಗ ಕೇಳು.

ಹೆರಾಲ್ಡ್ ಸತ್ತಿದ್ದಾನೆ. ಜೂನಿನಲ್ಲಿ, ಶೂಟಿಂಗಿನ ಮೊದಲನೇ ದಿನ. ಎರಡೂ ಸೈನ್ಯವನ್ನು ಹೊಳೆಯಲ್ಲಿ ನಿಲ್ಲಿಸಿದ್ದೆ. ಕ್ಯಾಮೆರಾದವ ಇನ್ನೂ ಚಾ ಕುಡಿಯುತ್ತಿದ್ದ. ನಮ್ಮ ಪಿಕಪ್ ಹಾರನ್ ಹೊಡೆಯಲೇ ಇಲ್ಲ. ಕ್ಯಾಂಪಿಗೆ ನೀರು ತರುವ ಲಾರಿಯವ ರಸ್ತೆಗೆ ಅಡ್ಡ ಬಂದ ಆಡುಗಳಿಗೆ ಹಾರನ್ ಹೊಡೆದ. ಅಷ್ಟೇ ಸಾಕಾಯಿತು. ಇನ್ನೂರು ಜನ ನುಗ್ಗಿದರು. ಅದು ನಾಟಕ ಅಲ್ಲ ಅಂತ ಮೊದಲನೇ ಹೊಡೆತಕ್ಕೇ ಗೊತ್ತಾಯಿತು. ಟೋಪಿ ಹಾರಿಹೋದ ಒಬ್ಬನ ಕಿವಿ ಹರಿದು ಕೆನ್ನೆಯ ಮೇಲೆ ನೇತಾಡುತ್ತಿತ್ತು, ಅವನು ಅದನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಹೊಡೆಯುತ್ತಿದ್ದ. ಬಿದ್ದವನನ್ನು ಮೂರು ಜನ ಸೇರಿ ಬಡಿಯುತ್ತಿದ್ದರು. ಯಾರೋ ಇಸುಬುವಿನ ದವಡೆಗೆ ಪೈಪು ಬೀಸಿದ, ಈಗಲೂ ಅವನಿಗೆ ಗಂಜಿ ಬಿಟ್ಟು ಏನೂ ತಿನ್ನಲಾಗುವುದಿಲ್ಲ. ನಾನು ಖಲಾಸ್, ಖಲಾಸ್, ಸಾಕು ನಿಲ್ಲಿಸಿ ಅಂತ ಬೊಬ್ಬೆ ಹೊಡೆಯುತ್ತಾ ಮಧ್ಯೆ ಓಡಿದೆ. ತಗಡಿನ ಟೋಪಿಯೊಳಗೆ ಯಾರಿಗೆ ಕೇಳುತ್ತದೆ?

ಆಗ ಹೆರಾಲ್ಡ್ ಬಂದ. ಶೂಟಿಂಗ್ ನಡೆಯುತ್ತಿದೆ ಅಂತಲೇ ಅವನು ತಿಳಿದದ್ದು. ನೀನು ಬರೆದ ಡೈಲಾಗನ್ನು, ಆ ಸಿಂಹಾಸನದ್ದನ್ನು, ಗಂಟಲು ಹರಿಯುವ ಹಾಗೆ ಹೇಳುತ್ತಾ ಬಂದ. ಪ್ರಾಕ್ಟೀಸಿನಲ್ಲಿ ನಾನು ಈಟಿ ಹಿಡಿದು ಎದೆಯಿಂದ ಗೇಣು ದೂರದಲ್ಲಿ ನಿಲ್ಲಿಸುತ್ತಿದ್ದೆ. ಅವತ್ತೂ ಹಿಡಿದೆ. ಅವನ ಕಾಲು ಕಲ್ಲಿನ ಮೇಲೆ ಜಾರಿತು. ಪೈಪಿನ ತುದಿ ಅವನ ಪಕ್ಕೆಯೊಳಗೆ ಹೋಯಿತು. ನಾನು ಹಿಂದಕ್ಕೆ ಎಳೆದೆ. ಚಪ್ಪಟೆ ಮಾಡಿದ ತುದಿ ಎಲುಬಿಗೆ ಸಿಕ್ಕಿ ಬರಲಿಲ್ಲ. ಆ ನೋವಿನಲ್ಲಿ ಅವನ ಕೈಯ ಪೈಪು ನನ್ನ ಮಣಿಕಟ್ಟಿನ ಮೇಲೆ ಬಿತ್ತು, ಎಲುಬು ಹೊರಗೆ ಬಂತು. ಅವನು ಮೊಣಕಾಲೂರಿ ಕೂತು, 'ಕಟ್ ಹೇಳಿ ಮಾಸ್ಟ್ರೇ, ಉಸಿರು ಸಿಕ್ಕುವುದಿಲ್ಲ' ಅಂದ. ನಾನು ಕಟ್ ಹೇಳಿದೆ. ಹೇಳಿದೆ, ಗೋಪಾಲ. ಎಷ್ಟು ಸಲ ಹೇಳಿದೆನೋ.

ಪೊಲೀಸರು ಕೇಳಿದ್ದು ಒಂದೇ: ಇದು ಕಥೆಯಲ್ಲಿ ಇತ್ತಾ, ನೀನೇ ಮಾಡಿದ್ದಾ? ಕಥೆಯಲ್ಲಿ ಇತ್ತು ಅಂದೆ. ತೋರಿಸು ಅಂದರು. ತೋರಿಸಿದರೆ ಖಾಲಿ ಪುಟ. ಆ ಪುಟ ನನ್ನ ಬಳಿ ಇಲ್ಲ, ಬರೆದವರ ಬಳಿ ಉಂಟು, ತರಿಸುತ್ತೇನೆ ಅಂತ ಸುಳ್ಳು ಹೇಳಿದೆ. ಅದಕ್ಕೇ ಏಪ್ರಿಲ್ ತಾರೀಖು ಕೇಳಿದ್ದು. ನಿನ್ನ ರಿಜಿಸ್ಟರ್ಡ್ ಇಸುಬುವಿನ ಕವರಿಗಿಂತ ಮೊದಲೇ ಮ್ಯಾನೇಜರನ ಮೇಜಿಗೆ ಬಂತು. ಅವರ ಆಫೀಸಿನಲ್ಲಿ ಮೈಸೂರಿನವರೊಬ್ಬರಿದ್ದಾರೆ, ಇಂಗ್ಲಿಷಿಗೆ ಮಾಡಿಕೊಟ್ಟರು. ಕಂಪೆನಿಗೂ ಅದೇ ಬೇಕಿತ್ತು, ಪೊಲೀಸರ ಕೈಗೆ ಕೊಟ್ಟರು. ಕ್ಯಾಂಪಿನಲ್ಲಿ ಇಂಥದ್ದಕ್ಕೆಲ್ಲ ಬಿಟ್ಟದ್ದೇಕೆ ಅಂತ ಅವರನ್ನು ಯಾರೂ ಕೇಳುವ ಹಾಗಿಲ್ಲ ಈಗ. ಏಪ್ರಿಲಿನಲ್ಲೇ ಕಣ್ಣು ನೋಡಿ ನೂಕುವುದು ಅಂತ ಬರೆಸಿಟ್ಟುಕೊಂಡು, ಜೂನಿನಲ್ಲಿ ಹಾಗೇ ಮಾಡಿದ್ದೇನೆ ಅಂತಾಯಿತು.

ಇನ್ನು ಒಂದೇ ದಾರಿ. ಸತ್ತವನ ಮನೆಯವರು ಕ್ಷಮಿಸಿದರೆ ಇಲ್ಲಿಯ ಕಾನೂನಿನಲ್ಲಿ ಮರಣದಂಡನೆ ಇಲ್ಲ, ಹೆರಾಲ್ಡನ ಹೆಂಡತಿ ಆಲ್ಬಿನಾ ಬಾಯಿ ಮಾಫಿ ಬರೆದು ಕೊಟ್ಟರೆ ತಲೆ ಉಳಿಯುತ್ತದೆ. ಕಂಪೆನಿಯವರು ಬೇರೆ ಕಾಗದಗಳ ಜತೆ ನಿನ್ನ ಪುಟವನ್ನೂ ಅವರಿಗೆ ಕಳಿಸಿದ್ದಾರೆ. ಅವರು ಮಾಫಿ ಇಲ್ಲ ಅಂದಿದ್ದಾರೆ. ನೀನು ಕಿನ್ನಿಗೋಳಿಗೆ ಹೋಗು. ಅದು ನಿನ್ನ ಕಟ್ಟುಕಥೆ ಅಂತ ಹೇಳು.

ಬಾದುಶಾ


ಮಂಗಳೂರು
24 ಸೆಪ್ಟೆಂಬರ್ 1986

ಬಾದುಶಾ ಅವರಿಗೆ,

ನಿಮ್ಮ ಕಾಗದ ಓದಿದ ಮೇಲೆ ನಾನು ಏನಾದೆ ಎಂದು ಬರೆಯುವುದಿಲ್ಲ. ನಾಚಿಕೆಯಾಗುತ್ತದೆ, ಅಷ್ಟೇ. ಒಂದಕ್ಷರ ಬದಲಾಯಿಸಬೇಡಿ ಎಂದು ನೀವು ಕೈಮುಗಿದಿದ್ದಿರಿ. ನನ್ನ ಹಳೆಯ ನಿರ್ಮಾಪಕರ ಮೇಲಿನ ಸೇಡನ್ನೆಲ್ಲ ನಿಮ್ಮ ಕುತ್ತಿಗೆಯ ಮೇಲೆ ತೀರಿಸಿಕೊಂಡೆ.

ನೆನ್ನೆ ಕಿನ್ನಿಗೋಳಿಗೆ ಹೋಗಿದ್ದೆ. ಚರ್ಚಿನ ಹಿಂದೆ ಮನೆ. ಆಲ್ಬಿನಾ ಅವರು ಕುಳಿತುಕೊಳ್ಳಿ ಎಂದರು, ನೀರು ಬೆಲ್ಲ ಕೊಟ್ಟರು. ನಾನೇ ಆ ಪುಟ ಬರೆದವನು ಎಂದ ಮೇಲೂ ಎದ್ದು ಹೋಗಿ ಎನ್ನಲಿಲ್ಲ.

'ಓದಿದ್ದೇನೆ' ಎಂದರು. 'ಅವರು ಹೇಗೆ ಹೋದರು ಅಂತ ಯಾರೂ ಸರಿಯಾಗಿ ಹೇಳಿರಲಿಲ್ಲ. ಹೆಣದ ಪೆಟ್ಟಿಗೆ ತೆರೆಯಲಿಕ್ಕೂ ಬಿಡಲಿಲ್ಲ. ಅದನ್ನು ಓದಿದ ಮೇಲೆ ನನಗೆ ಗೊತ್ತಾದದ್ದು.'

'ಅದು ಸುಳ್ಳಮ್ಮ. ನಾನು ಬೆಂಗಳೂರಿನಲ್ಲಿ ಕೂತು ಕಟ್ಟಿದ್ದು.'

'ಹಾಗಾದರೆ ಸತ್ಯ ಯಾವುದು? ನೀವು ಅಲ್ಲಿ ಇದ್ದಿರಾ?'

ಇರಲಿಲ್ಲ ಎಂದೆ. ನಿಮ್ಮ ಆಗಸ್ಟ್ ತಿಂಗಳ ಕಾಗದವನ್ನು ಕೊಟ್ಟೆ. ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. 'ಕಟ್ ಹೇಳಿ ಮಾಸ್ಟ್ರೇ' ಎಂಬಲ್ಲಿಗೆ ಬಂದಾಗ ಕಾಗದ ಕೆಳಗಿಟ್ಟು ಒಳಗೆ ಹೋದರು. ಒಳಗೆ ಏನೋ ಪಾತ್ರೆ ಬಿದ್ದ ಸದ್ದು. ಬಿದ್ದದ್ದಲ್ಲ, ಎಸೆದದ್ದು. ಗೋಡೆಗೆ ಒಂದಾದ ಮೇಲೊಂದು ಎಸೆದರು, ಕಿರುಚಿದರು, ತಲೆಯನ್ನು ಬಾಗಿಲ ಚೌಕಟ್ಟಿಗೆ ಬಡಿದುಕೊಂಡರು. ಪಕ್ಕದ ಮನೆಯವರು ಬಂದು ಹಿಡಿದರು. ನಾನು ಕುರ್ಚಿಯಲ್ಲೇ ಕೂತಿದ್ದೆ. ಹಣೆಯಿಂದ ರಕ್ತ ಇಳಿಯುತ್ತಿದ್ದುದನ್ನು ನೋಡಿದೆ, ಈ ಸಲ ತಲೆ ಸುತ್ತಲಿಲ್ಲ.

ಆಮೇಲೆ ಅವರು ಹಣೆಗೆ ಬಟ್ಟೆ ಒತ್ತಿಕೊಂಡು ಹೊರಗೆ ಬಂದು ಹೇಳಿದರು: 'ಇದು ಅವನ ತಮ್ಮನ ಕೈಬರಹ. ತಮ್ಮನ ಎದುರು ಯಾರಾದರೂ ಹೀಗೇ ಹೇಳುತ್ತಾರೆ. ನಿಮ್ಮದೂ ಬೇಡ, ತಮ್ಮನದೂ ಬೇಡ. ಕೈ ಗುಣ ಆದ ಮೇಲೆ ಅವನೇ ಬರೆಯಲಿ. ಎಳೆದದ್ದಾ, ನೂಕಿದ್ದಾ? ಅಷ್ಟೇ. ಎಳೆದೆ ಅಂತ ಅವನ ಕೈಯಿಂದ ಬರೆದು ಬಂದರೆ ನಾನು ನಂಬುತ್ತೇನೆ. ಮಾಫಿಗೆ ಸೈನ್ ಹಾಕುತ್ತೇನೆ. ಯೇಸುವಿನ ಮೇಲೆ ಆಣೆ.'

ಬಾದುಶಾ, ಒಂದು ಶಬ್ದ. ನೀವು ಆಗಲೇ ಇಸುಬುವಿನ ಕೈಯಲ್ಲಿ ಬರೆಸಿರುವ ಶಬ್ದವೇ. ನಾನು ಮಂಗಳೂರಿನ ಲಾಡ್ಜಿನಲ್ಲೇ ಇರುತ್ತೇನೆ. ಕಾಗದ ಬಂದ ದಿನವೇ ಅವರನ್ನು ವಕೀಲರ ಬಳಿಗೆ ಕರೆದುಕೊಂಡು ಹೋಗುತ್ತೇನೆ. ದಯವಿಟ್ಟು ಬೇಗ ಬರೆಯಿರಿ.

ಗೋಪಾಲಕೃಷ್ಣ


ಮಸ್ಕತ್
2 ನವೆಂಬರ್ 1986

ಗೋಪಾಲ,

ಕೈಯ ಪಟ್ಟಿ ಬಿಚ್ಚಿದರು. ಅಕ್ಷರ ಸೊಟ್ಟ ಉಂಟು, ಆದರೆ ನನ್ನದೇ. ಕೇಸಿಗೆ ಅಂತ ಇಷ್ಟು ದಿನ ಇಟ್ಟುಕೊಂಡಿದ್ದ ಇಸುಬುವನ್ನು ಊರಿಗೆ ಕಳಿಸಿಬಿಟ್ಟರು.

ಎಳೆದೆ ಅಂತ ಬರೆಯಲಿಕ್ಕೆ ಕೂತೆ. ಬರೆಯುವ ಮೊದಲು ಒಮ್ಮೆ ಕಣ್ಣು ಮುಚ್ಚಿ ನೋಡಿದೆ. ಯಾವ ಫೈಟನ್ನೂ ನಾನು ಹಾಗೆ ಮನಸ್ಸಿನಲ್ಲಿ ಒಮ್ಮೆ ಓಡಿಸದೆ ಮಾಡಿಸಿದವ ಅಲ್ಲ. ಹೆರಾಲ್ಡ್ ಓಡಿ ಬಂದ. ಕಾಲು ಜಾರಲಿಲ್ಲ. ನಾನು ಕಾಯುತ್ತಿದ್ದೆ. ಟೋಪಿಯ ಸೀಳಿನಲ್ಲಿ ಅವನ ಕಣ್ಣು ಕಂಡಿತು.

ಕಣ್ಣು ಬಿಟ್ಟು ಮುಖ ತೊಳೆದು ಬಂದು ಪುನಃ ನೋಡಿದೆ. ಅದೇ ಬಂತು. ದಿನಾ ಅದೇ ಬರುತ್ತದೆ. ಕೋರ್ಟಿನಲ್ಲಿ ನಿನ್ನ ಪುಟವನ್ನು ಮೊದಲು ಅರಬಿಯಲ್ಲಿ ಓದಿದರು, ಮತ್ತೆ ನನಗೋಸ್ಕರ ಹಿಂದಿಯಲ್ಲಿ ಓದಿದರು. ಎಲ್ಲರೂ ಉಸಿರು ಹಿಡಿದು ಕೇಳಿದರು, ನನ್ನನ್ನು ಹಿಡಿದುಕೊಂಡ ಪೊಲೀಸಿನವನೂ ಕೇಳಿದ. ನೀನು ಇಷ್ಟು ಚೆಂದ ಯಾವತ್ತೂ ಬರೆದದ್ದಿಲ್ಲ. ನಾನು ಕಂಡದ್ದು ಅದರ ಎದುರು ನಿಲ್ಲಲಿಲ್ಲ, ಎಲ್ಲಿಗೋ ಹೋಯಿತು. ಹುಡುಕುತ್ತಾ ಇದ್ದೇನೆ.

ಇಸುಬು ಬರೆಯುತ್ತಿದ್ದಾಗ ಹೇಳಲಾಗದ ಒಂದು ಸಂಗತಿ ಉಂಟು. ಶೂಟಿಂಗಿನ ಬೆಳಗ್ಗೆ ಇಸುಬುವನ್ನು ಊರಿಗೆ ಅಟ್ಟುವ ಟಿಕೆಟನ್ನು ಹೆರಾಲ್ಡನೇ ತಂದು ಕೊಟ್ಟದ್ದು. ಮೇಕಪ್ ಹಾಕಿಕೊಳ್ಳುತ್ತಾ ಕೊಟ್ಟ, ನಕ್ಕುಕೊಂಡು ಕೊಟ್ಟ. ಹತ್ತು ವರ್ಷ ಮರುಭೂಮಿಯಲ್ಲಿ ಪೈಪು ಹೊತ್ತು ಕರೆಸಿಕೊಂಡ ತಮ್ಮ. ನನಗೆ ಅವನನ್ನು ಅಲ್ಲೇ ಕೊಂದು ಬಿಡಬೇಕು ಅಂತ ಕಂಡಿತು. ಬಾಯಲ್ಲಿ ಸರಿ ಅಂದೆ, ಟೋಪಿ ಹಾಕಿದೆ. ಹೊಳೆಯಲ್ಲಿ ಪೈಪು ಅವನೊಳಗೆ ಹೋದ ಮೇಲೆ ನನ್ನ ಕೈ ಒಂದು ಕೆಲಸ ಮಾಡಿತು. ಎಳೆಯುವುದಕ್ಕೂ ನೂಕುವುದಕ್ಕೂ ಮೊದಲು ಮುಷ್ಟಿ ಬಿಗಿಯಾಗಬೇಕು. ಬಿಗಿಯಾದದ್ದು ನನಗೆ ಗೊತ್ತುಂಟು. ಅದರ ನಂತರದ್ದು ನಿನ್ನ ಪುಟದಲ್ಲಿ ಮಾತ್ರ ಉಂಟು.

ಗೊತ್ತಿಲ್ಲ ಅಂತ ಬರೆಯಬಹುದಿತ್ತು. ಆಲ್ಬಿನಾ ಬಾಯಿ ಕೇಳಿದ್ದು ಅದನ್ನಲ್ಲ. ಗಂಡನ ಪೆಟ್ಟಿಗೆಯನ್ನೂ ತೆರೆದು ನೋಡದವರಿಗೆ ಗೊತ್ತಿಲ್ಲ ಅಂತ ಹೇಗೆ ಕಳಿಸಲಿ? ಎಳೆದೆ ಅಂತ ಬರೆದರೆ ಅವರು ನಂಬುತ್ತಾರೆ. ನನಗೇ ಖಾತ್ರಿ ಇಲ್ಲದ್ದನ್ನು ಅವರು ನಂಬುವುದು, ಅದೇ ನನಗೆ ತಡೆಯಲಿಕ್ಕಾಗಲಿಲ್ಲ.

ನೂಕಿದೆ ಅಂತ ಬರೆದು, ಕೆಳಗೆ ನನ್ನ ಹೆಸರು ಹಾಕಿ ನಿನ್ನೆ ಪೋಸ್ಟಿಗೆ ಕೊಟ್ಟೆ. ಈ ಕಾಗದ ಸಿಕ್ಕುವಾಗ ಅದು ಅವರ ಕೈಯಲ್ಲಿ ಇರುತ್ತದೆ. ನೀನು ಲಾಡ್ಜು ಬಿಟ್ಟು ಮನೆಗೆ ಹೋಗು.

ಬಾದುಶಾ